ಸೇಂಟ್ ಡೇವಿಡ್ಸ್‌ನಲ್ಲಿ ಒಂದು ಶನಿವಾರ

14 ಸೆಪ್ಟೆಂಬರ್ 2024, ಶನಿವಾರ

ವೇಲ್ಸ್‌ನ ಹ್ಯಾವರ್‌ಫರ್ಡ್‌ವೆಸ್ಟ್‌ವರೆಗೆ ರೈಲು, ಆಮೇಲೆ 26 ಕಿ.ಮೀ. ಬಸ್ಸು. ಇಳಿದ ಕೂಡಲೇ ಅತ್ತೆ ಸುತ್ತಮುತ್ತ ನೋಡಿ, "ಇಷ್ಟೇನಾ ಸಿಟಿ? ನಮ್ಮ ತೀರ್ಥಹಳ್ಳಿನೇ ದೊಡ್ಡದಲ್ವೇನೇ" ಅಂದರು. ಸುಳ್ಳಲ್ಲ. ಇಲ್ಲಿ ಎರಡು ಸಾವಿರ ಜನವೂ ಇಲ್ಲ. ಜನಸಂಖ್ಯೆ ಲೆಕ್ಕದಲ್ಲಿ ಇಡೀ ಬ್ರಿಟನ್ನಿನಲ್ಲೇ ಅತಿ ಚಿಕ್ಕ ನಗರ. 1994ರಲ್ಲಿ ರಾಣಿ ಎಲಿಜಬೆತ್ ನಗರದ ಪಟ್ಟ ಕೊಟ್ಟರು.

ಪೇಟೆ ಐದು ನಿಮಿಷದಲ್ಲಿ ಮುಗಿಯಿತು. ಕೆಥೆಡ್ರಲ್, ಅಂದರೆ ಬಿಷಪ್ಪರ ದೊಡ್ಡ ಚರ್ಚು, ಮಾತ್ರ ಎಲ್ಲೂ ಕಾಣಲಿಲ್ಲ. ಹಳೇ ಹೆಬ್ಬಾಗಿಲು ದಾಟಿದರೆ ಒಮ್ಮೆಲೇ ಕಾಲಡಿಯ ತಗ್ಗಿನಲ್ಲಿ ಇಡೀ ಕಟ್ಟಡ! ಸಮುದ್ರದಿಂದ ಬರುವ ದಾಳಿಕೋರರ ಕಣ್ಣಿಗೆ ಬೀಳದಿರಲಿ ಅಂತ ಈ ಜಾಗ ಆರಿಸಿದರಂತೆ. ಆದರೂ ವೈಕಿಂಗರು ಬಿಡಲಿಲ್ಲ, ಮತ್ತೆ ಮತ್ತೆ ಬಂದು ದೋಚಿದರು. ಈಗಿನ ಕಟ್ಟಡ ಶುರುವಾಗಿದ್ದು 1181ರಲ್ಲಿ. ಮೂವತ್ತೊಂಬತ್ತು ಮೆಟ್ಟಿಲು ಇಳಿಯಬೇಕು. ಅತ್ತೆ ಕೈಹಿಡಿ ಹಿಡಿದುಕೊಂಡು ಆರಾಮಾಗಿ ಇಳಿದರು.

ಒಳಗೆ ಹೋದವರು ಮೊದಲು ಚಾವಣಿ ನೋಡುತ್ತಾರೆ. ಓಕ್ ಮರದ ಕೆತ್ತನೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ನನಗೆ ಹಿಡಿಸಿದ್ದು ಕಂಬಗಳು. ಬಾಗಿಲ ಹತ್ತಿರ ನಿಂತು ನೋಡಿದರೆ ಎರಡೂ ಸಾಲು ಹೊರಕ್ಕೆ ವಾಲಿವೆ. ನೆಲವೂ ಮಟ್ಟಸವಿಲ್ಲ, ಬಲಿಪೀಠದ ಕಡೆಗೆ ಏರುತ್ತಾ ಹೋಗುತ್ತದೆ. ಅಡಿಯಲ್ಲಿ ಜವುಗು ನೆಲ, ಮೇಲೆ 13ನೇ ಶತಮಾನದಲ್ಲೊಂದು ಭೂಕಂಪ. ವಾಲಿದ್ದು ವಾಲಿದ ಹಾಗೇ ಇನ್ನೂ ನಿಂತಿದೆ. ಕಲ್ಲಿನ ನೇರಳೆ ಛಾಯೆ ಕಂಡು ಬಣ್ಣ ಬಳಿದಿದ್ದಾರೇನೋ ಅಂತ ಅತ್ತೆ ಬೆರಳಲ್ಲಿ ಉಜ್ಜಿ ನೋಡಿದರು. ಪಕ್ಕದ ಕರಾವಳಿಯ ಬಂಡೆಗೇ ಆ ಬಣ್ಣ.

1123ರಲ್ಲಿ ಪೋಪ್ ಎರಡನೇ ಕ್ಯಾಲಿಕ್ಸ್ಟಸ್ ಇಲ್ಲಿಗೆ ಎರಡು ಸಲ ಯಾತ್ರೆ ಮಾಡಿದರೆ ರೋಮ್‌ಗೆ ಒಂದು ಸಲ ಹೋದ ಪುಣ್ಯ ಅಂತ ಸಾರಿದನಂತೆ. ಡೇವಿಡ್ ಸಂತನ ಕಥೆ ಹೇಳಿದೆ: ಮಾಂಸ ಮುಟ್ಟುತ್ತಿರಲಿಲ್ಲ, ಮದ್ಯ ಇಲ್ಲ, ರೊಟ್ಟಿ, ಸೊಪ್ಪು, ನೀರು ಅಷ್ಟೇ. "ಹಾಗಾದ್ರೆ ಇಲ್ಲಿ ನಮಗೆ ಊಟ ಸಿಗುತ್ತೆ ಬಿಡು" ಅಂದರು ಅತ್ತೆ. ಸಿಕ್ಕಿತು, ಚೀಸ್ ಸ್ಯಾಂಡ್‌ವಿಚ್. ಒಣದ್ರಾಕ್ಷಿ ಹಾಕಿ ಕಾವಲಿ ಮೇಲೆ ಬೇಯಿಸಿದ ವೆಲ್ಷ್ ಕೇಕ್ ಮಾತ್ರ ಬಿಸಿಬಿಸಿಯಾಗಿ ಬಹಳ ಚೆನ್ನಾಗಿತ್ತು.

ತೊರೆಯ ಆಚೆ ಬಿಷಪ್ಪರ ಅರಮನೆ. ಈಗ ಚಾವಣಿ ಇಲ್ಲ. 14ನೇ ಶತಮಾನದ ಬಿಷಪ್ ಹೆನ್ರಿ ಡಿ ಗೋವರ್ ಗೋಡೆಯ ತಲೆಗೆ ಚದುರಂಗದ ಹಾಸಿನಂತೆ ಬಣ್ಣಬಣ್ಣದ ಕಲ್ಲು ಕೂರಿಸಿದ್ದಾನೆ. ನೀರು ಕುಡಿದು ಬದುಕಿದ ಸಂತನ ಪಕ್ಕ ಇಷ್ಟು ಠೀವಿಯ ಮನೆ!

ಮಧ್ಯಾಹ್ನ ಸೇಂಟ್ ಜಸ್ಟಿನಿಯನ್ಸ್‌ನಿಂದ ದೋಣಿ. ರ್‍ಯಾಮ್ಸಿ ದ್ವೀಪಕ್ಕೂ ದಡಕ್ಕೂ ನಡುವೆ ಬಂಡೆಗಳ ಸಾಲೊಂದಿದೆ. ಉಬ್ಬರದ ನೀರು ಅದರ ಸಂದುಗಳಲ್ಲಿ ನುಗ್ಗುವಾಗ ಸಮುದ್ರ ಅನ್ನಿಸುವುದೇ ಇಲ್ಲ, ಮಳೆಗಾಲದ ತುಂಗೆಯೇ. ಆ ಸದ್ದಿಗೆ ಅತ್ತೆ ನನ್ನ ತೋಳು ಹಿಡಿದವರು ಬಿಡಲಿಲ್ಲ. ದ್ವೀಪದ ಹಿಂಬದಿಯ ಸಣ್ಣ ಕೊಲ್ಲಿಯಲ್ಲಿ ದೋಣಿಯವರು ಎಂಜಿನ್ ತಗ್ಗಿಸಿದರು. ಬೆಣಚುಕಲ್ಲಿನ ದಡದಲ್ಲಿ ಬೂದು ಸೀಲ್‌ಗಳು. ಶರತ್ಕಾಲ ಅವು ಮರಿ ಹಾಕುವ ಕಾಲ. ಮರಿಗೆ ಮೈತುಂಬ ಬಿಳಿ ಕೂದಲು, ಕಣ್ಣು ಮಾತ್ರ ಕಪ್ಪು. ತಾಯಿ ಸುಮಾರು ಮೂರು ವಾರ ಹಾಲೂಡಿಸಿ ಬಿಟ್ಟು ಹೋಗುತ್ತದಂತೆ. "ಮೂರೇ ವಾರನಾ?" ಅಂತ ಅತ್ತೆ ಮಗನ ಮುಖ ನೋಡಿದರು. ಇವರು ಕ್ಯಾಮೆರಾದಲ್ಲಿ ಮುಳುಗಿದ್ದರು.

ಪಫಿನ್ ಹಕ್ಕಿ ನೋಡಬೇಕು ಅಂತ ಈ ತಿಂಗಳು ಬರಬೇಡಿ. ಬೇಸಿಗೆಯಲ್ಲೇ ಅವು ಹೊರಟುಬಿಟ್ಟಿರುತ್ತವೆ.

ಸಂಜೆ ಸೇಂಟ್ ನಾನ್ಸ್‌ಗೆ ಹೋದೆವು. ಡೇವಿಡ್ ಹುಟ್ಟಿದ್ದು ಇಲ್ಲೇ ಅಂತ ನಂಬಿಕೆ. ಪಾಳು ಗುಡಿ, ಪಕ್ಕದಲ್ಲಿ ಬಾವಿ. ನಾಳೆ ಅಬರೈಡಿಗೆ ಹೋಗಬೇಕು. ಹಳೇ ಸ್ಲೇಟ್ ಕಲ್ಲುಗಣಿಗೆ ಸಮುದ್ರದ ನೀರು ತುಂಬಿ ನೀಲಿ ಕೊಳವಾಗಿದೆ. ಇವರು ಅದಕ್ಕೆ ಜಿಗಿಯುತ್ತಾರಂತೆ. ಅತ್ತೆಗೆ ಇನ್ನೂ ಹೇಳಿಲ್ಲ.