ಚಲನ್ ನಂಬರ್ 412

ಆ ದಿನ ಪ್ರತಿವಾದಿಯ ಸಾಕ್ಷಿಗೆ ಪಾಟೀ ಸವಾಲು ಇತ್ತು. ಬೆಳಿಗ್ಗೆ ಆರಕ್ಕೇ ಎದ್ದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದೆ. ನೋಡಿದ ಹೆಂಡತಿ, “ಸವಾಲು ನಿಮಗೋ ಅವರಿಗೋ?” ಎಂದು ನಕ್ಕಳು.

ಪೀಣ್ಯ ಎರಡನೇ ಹಂತದಲ್ಲಿ ಲೋಹದ ಭಾಗಗಳಿಗೆ ಪುಡಿಬಣ್ಣ ಲೇಪಿಸಿ ಕಾಯಿಸುವ, ಪೌಡರ್ ಕೋಟಿಂಗ್ ಎನ್ನುವ ಕೆಲಸದ ನನ್ನದೊಂದು ಘಟಕವಿದೆ. ಒಂದು ಓವನ್, ಆರು ಜನ ಕೆಲಸಗಾರರು. 2019ರಲ್ಲಿ ಎಲೆಕ್ಟ್ರಿಕ್ ಪ್ಯಾನೆಲ್ ತಯಾರಿಸುವ ಕಂಪನಿಯೊಂದಕ್ಕೆ ಹತ್ತು ತಿಂಗಳು ಜಾಬ್ ವರ್ಕ್ ಮಾಡಿಕೊಟ್ಟೆ. 11 ಲಕ್ಷ 40 ಸಾವಿರ ರೂಪಾಯಿ ಬಾಕಿ ನಿಂತಿತು. ಕೊಟ್ಟ ಚೆಕ್ಕು ಬೌನ್ಸ್ ಆಯಿತು, ಅದಕ್ಕೆ ಬೇರೆಯೇ ಪ್ರಕರಣ ಹಾಕಿದೆ. ಮಧ್ಯಸ್ಥಿಕೆಗೆ ಕರೆದರೆ ಬರಲಿಲ್ಲ. ಕೊನೆಗೆ 2021ರಲ್ಲಿ ದಾವೆ ಹೂಡಿದೆ. ಅವರ ಲಿಖಿತ ಹೇಳಿಕೆಯಲ್ಲಿ ಒಂದು ಸಾಲಿತ್ತು: ವಾದಿ ಹೇಳುವ ಸರಕು ನಮಗೆ ತಲುಪಿಯೇ ಇಲ್ಲ. ತಲುಪದ ಸರಕಿಗೆ ಚೆಕ್ಕು ಏಕೆ ಬರೆದರೋ! ದುಡ್ಡು ಹೋದದ್ದಕ್ಕಿಂತ ಆ ಸಾಲು ನನ್ನನ್ನು ಹೆಚ್ಚು ಸುಟ್ಟಿತು.

ಆ ಸುಳ್ಳಿಗೆ ನನ್ನ ಬಳಿ ಉತ್ತರವಿತ್ತು. ಡೆಲಿವರಿ ಚಲನ್ ನಂಬರ್ 412. ಗುಲಾಬಿ ಬಣ್ಣದ ಕಾರ್ಬನ್ ಪ್ರತಿ. ಬಲಗಡೆ ಅವರ ಗೇಟಿನ ದುಂಡನೆಯ ನೇರಳೆ ಮೊಹರು, ಅದರ ಮೇಲೆ ಸ್ಟೋರ್ಸಿನವರ ಸಹಿ, ಪಕ್ಕದಲ್ಲಿ ಯಾರದೋ ಎಣ್ಣೆ ಬೆರಳಿನ ಗುರುತು. ಆ ಸಹಿ ಮಾಡಿದ ಮನುಷ್ಯನೇ ಇಂದು ಸಾಕ್ಷಿ. ನಮ್ಮ ಘಟಕಕ್ಕೆ ಬಂದು ಎಷ್ಟೋ ಸಲ ಚಹಾ ಕುಡಿದವರು. ಈ ಸಹಿ ನಿಮ್ಮದೇ ಎಂದು ಕೇಳಿದಾಗ ಅವರ ಮುಖ ಹೇಗಾಗುತ್ತದೆಂದು ಎರಡು ವರ್ಷ ಕಲ್ಪಿಸಿಕೊಂಡಿದ್ದೆ.

ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ನಮ್ಮ ಪ್ರಕರಣ ಕೂಗುವ ಹೊತ್ತಿಗೆ ಹನ್ನೆರಡು ದಾಟಿತ್ತು. ಸಾಕ್ಷಿ ಬಂದಿದ್ದರು, ನನ್ನನ್ನು ಕಂಡು ಗೋಡೆಯ ಕಡೆ ತಿರುಗಿ ನಿಂತಿದ್ದರು. ಆದರೆ ಕಟಕಟೆಗೆ ಹತ್ತಲಿಲ್ಲ. ಅವರ ವಕೀಲರು ಎದ್ದು ಒಂದು ಮೆಮೊ ಸಲ್ಲಿಸಿದರು, ಜೊತೆಗೆ ಹತ್ತಾರು ಪುಟಗಳ ಆದೇಶದ ಪ್ರತಿ. ಕಂಪನಿ ತಾನೇ ದಿವಾಳಿ ಅರ್ಜಿ ಹಾಕಿಕೊಂಡಿತ್ತು. ಎಂ.ಜಿ. ರಸ್ತೆಯಲ್ಲಿರುವ ಕಂಪನಿ ಕಾನೂನು ನ್ಯಾಯಮಂಡಳಿ ಅದನ್ನು 23 ದಿನಗಳ ಹಿಂದೆ ಅಂಗೀಕರಿಸಿತ್ತು. ನ್ಯಾಯಾಧೀಶರು ಪುಟ ತಿರುಗಿಸಿ, ನಮ್ಮ ವಕೀಲರತ್ತ ಒಮ್ಮೆ ನೋಡಿ, ದಾವೆ ತಡೆಹಿಡಿಯಲಾಗಿದೆ ಎಂದು ಬರೆಸಿದರು. ನಾಲ್ಕು ನಿಮಿಷವೂ ಆಗಲಿಲ್ಲ. ಫೈಲಿನಿಂದ ಹೊರತೆಗೆದಿದ್ದ ಚಲನ್ ನನ್ನ ಕೈಯಲ್ಲೇ ಉಳಿಯಿತು.

ನಮ್ಮ ವಕೀಲೆ ಸ್ನೇಹಿತನ ಮಗಳು. ಕ್ಯಾಂಟೀನಿನಲ್ಲಿ ಕೂರಿಸಿ ಮೊದಲು ಕಾಫಿ ಕುಡಿಸಿದಳು.

“ಕೇಸು ವಜಾ ಆಗಿಲ್ಲ ಅಂಕಲ್, ನಿದ್ದೆ ಹೋಗಿದೆ. 2016ರ ದಿವಾಳಿ ಸಂಹಿತೆಯ 14ನೇ ಸೆಕ್ಷನ್. ಕಂಪನಿಯ ಮೇಲಿನ ಹೊಸ ದಾವೆ, ಹಳೆಯ ದಾವೆ, ಡಿಕ್ರಿ ಜಾರಿ, ಎಲ್ಲವೂ ನಿಲ್ಲುತ್ತವೆ.”

“ಅರ್ಜಿ ಹಾಕಿದ ಮಾತ್ರಕ್ಕೇ?”

“ಇಲ್ಲ, ಅಂಗೀಕಾರವಾದ ದಿನದಿಂದ. ಅಲ್ಲಿಯವರೆಗೆ ನಡೆಸಬಹುದಿತ್ತು.”

“ಮತ್ತೆ ಅವರು ಬೇರೆಯವರ ಮೇಲೆ ಹಾಕಿರುವ ದಾವೆಗಳು?”

ಅವಳು ಸ್ವಲ್ಪ ತಡೆದು, “ಅವು ನಡೆಯುತ್ತವೆ” ಎಂದಳು.

ನನ್ನ ಅಪ್ಪನ ಕಾಲದಲ್ಲಿ ತಿಪಟೂರಿನ ಬಟ್ಟೆ ವ್ಯಾಪಾರಿಯೊಬ್ಬರು ಪಾಪರ್ ಚೀಟಿ ತೆಗೆದುಕೊಂಡಿದ್ದರು. ಆಮೇಲೆ ಅವರು ಪೇಟೆ ಬೀದಿಯಲ್ಲಿ ತಲೆಯೆತ್ತಿ ನಡೆಯಲಿಲ್ಲವೆಂದು ಅಪ್ಪ ಹೇಳುತ್ತಿದ್ದರು. ಅದು ನ್ಯಾಯವೆಂದು ನಾನು ಹೇಳುವುದಿಲ್ಲ, ಸೋತವನಿಗೂ ಉಸಿರಾಡಲು ಜಾಗ ಬೇಕು. ಆದರೆ ಆ ದಿನ ನಾಚಿಕೊಂಡು ಕೂತವನು ನಾನು. ಕೊಡಬೇಕಾದವರು ಕಾರಿನಲ್ಲಿ ಹೋದರು.

ಮುಂದಿನ ದಾರಿ ಅರ್ಥವಾಗುವಷ್ಟರಲ್ಲಿ ಎರಡನೇ ಕಾಫಿ ಆಗಿತ್ತು. ದಿವಾಳಿ ಪ್ರಕ್ರಿಯೆ ನಡೆಸಲು ನ್ಯಾಯಮಂಡಳಿ ನೇಮಿಸಿದ ಮಧ್ಯಂತರ ಅಧಿಕಾರಿಗೆ, ಅಂದರೆ ಐಆರ್‌ಪಿಗೆ, ಫಾರಂ ಬಿಯಲ್ಲಿ ನನ್ನ ಬಾಕಿಯ ಕ್ಲೇಮು ಸಲ್ಲಿಸಬೇಕು. ಅದರಲ್ಲಿ ದಾವೆಯ ವಿವರವನ್ನೂ ಬರೆಯಬೇಕು. ಪತ್ರಿಕೆಯ ಪ್ರಕಟಣೆಯಲ್ಲಿ ಕೊಟ್ಟಿದ್ದ ಹದಿನಾಲ್ಕು ದಿನ ಮುಗಿದಿತ್ತು, 90 ದಿನದೊಳಗೆ ಕೊಟ್ಟರೂ ತೆಗೆದುಕೊಳ್ಳುತ್ತಾರೆ ಎಂದಳು. ಪ್ರಕಟಣೆ ಕನ್ನಡ ಪತ್ರಿಕೆಯಲ್ಲೂ ಬಂದಿತ್ತಂತೆ. ಕೋಟಿಂಗ್ ಆದ ಬಾಕ್ಸುಗಳಿಗೆ ಗೀರು ಬೀಳದಂತೆ ನಾವು ಹಳೆಯ ಪತ್ರಿಕೆ ಸುತ್ತುತ್ತೇವೆ, ಯಾವ ಬಾಕ್ಸಿನ ಜೊತೆ ಹೋಯಿತೋ.

“ಸುಮ್ಮನಿದ್ದರೆ ಏನಾಗುತ್ತದೆ?” ಎಂದೆ.

“ಕಂಪನಿಯನ್ನು ಬೇರೆಯವರು ವಹಿಸಿಕೊಂಡು ಅವರ ಯೋಜನೆಗೆ ಒಪ್ಪಿಗೆ ಸಿಕ್ಕಿತೆಂದರೆ, ಅದರಲ್ಲಿ ಸೇರದ ಬಾಕಿ ಸತ್ತಂತೆ. 2021ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದು ಹೇಳಿದೆ. ದಾವೆ ಎಬ್ಬಿಸಿದರೂ ಏಳುವುದಿಲ್ಲ.”

ಕ್ಲೇಮು ಹಾಕಿದರೂ ಸರದಿ ಉದ್ದವಿದೆ. ಕಂಪನಿ ಮುಚ್ಚಿ ಆಸ್ತಿ ಮಾರಿದರೆ ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರ ಬಾಕಿ ಮತ್ತು ಅಡಮಾನವಿಟ್ಟುಕೊಂಡ ಬ್ಯಾಂಕು, ನಮ್ಮಂಥವರು ಕೊನೆಯ ಪಂಕ್ತಿ. ಎಲೆ ಹಾಕುತ್ತಾರೆ, ಪಾಯಸ ಉಳಿದಿರುವುದಿಲ್ಲ. ಮೊದಲೇ ನಾನೇ ನ್ಯಾಯಮಂಡಳಿಗೆ ಹೋಗಬಹುದಿತ್ತಲ್ಲ ಎಂದರೆ, 2020ರ ಮಾರ್ಚ್‌ವರೆಗೆ ಒಂದು ಲಕ್ಷದ ಬಾಕಿಗೂ ಹೋಗಬಹುದಿತ್ತು, ಆಮೇಲೆ ಕನಿಷ್ಠ ಮಿತಿ ಒಂದು ಕೋಟಿಯಾಯಿತು ಎಂದಳು. ಆ ಮಾರ್ಚಿನಲ್ಲಿ ನಾನು, ಮುಂದಿನ ವಾರ ಕೊಡುತ್ತೇವೆ ಎಂಬ ಫೋನುಗಳನ್ನು ನಂಬಿ ಕೂತಿದ್ದೆ.

ಒಂದೇ ಒಂದು ಬಾಗಿಲು ತೆರೆದಿತ್ತು. ಚೆಕ್ ಬೌನ್ಸ್ ಪ್ರಕರಣ ಕಂಪನಿಯ ಮಟ್ಟಿಗೆ ನಿಲ್ಲುತ್ತದೆ, ಸಹಿ ಹಾಕಿದ ನಿರ್ದೇಶಕರ ಮಟ್ಟಿಗೆ ನಿಲ್ಲುವುದಿಲ್ಲ. ಇದೂ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದ ಮಾತು. ಕಂಪನಿ ಹೊದ್ದುಕೊಂಡ ಕಂಬಳಿಯೊಳಗೆ ಅವರಿಗೆ ಜಾಗವಿಲ್ಲ.

ಕ್ಲೇಮು ಕಳುಹಿಸಿದ ಮೂರು ವಾರಕ್ಕೆ, ಕಂಪನಿಯಿಂದ ಬಾಕಿ ಬರಬೇಕಾದವರ ಪಟ್ಟಿ ಇಮೇಲಿನಲ್ಲಿ ಬಂತು. ಕ್ರಮಸಂಖ್ಯೆ 87 ನಾನು. ಬಿಲ್ಲಿನಲ್ಲಿ ಬಡ್ಡಿಯ ಷರತ್ತು ಇರಲಿಲ್ಲವೆಂದು ಬಡ್ಡಿ ಹೊಡೆದುಹಾಕಿ, ಅಸಲು ಪೂರ್ತಿ ಒಪ್ಪಿದ್ದರು. ಸರಕು ತಲುಪಿದ್ದನ್ನು ಕೊನೆಗೂ ಒಪ್ಪಿದ್ದು ನಾನು ಮುಖವನ್ನೇ ನೋಡಿರದ ಐಆರ್‌ಪಿ. ಯಾವ ಪ್ರಶ್ನೆಯೂ ಇಲ್ಲದೆ, ಒಂದು ಕೋಷ್ಟಕದ ಮನೆಯಲ್ಲಿ. ಎರಡು ಸಲ ಓದಿದೆ, ಅಂದುಕೊಂಡಷ್ಟು ಸಮಾಧಾನವಾಗಲಿಲ್ಲ.

ಚೆಕ್ ಪ್ರಕರಣದ ತಾರೀಖಿನ ಹಿಂದಿನ ಸಂಜೆ ಚಲನ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ಕಾರ್ಬನ್ ಅಕ್ಷರಗಳು ಮಾಸಿದ್ದವು, ಮೊಹರಿನ ಅಂಚು ಮಾತ್ರ ಕಾಣುತ್ತಿತ್ತು. ಅಂಗಡಿಯ ಹುಡುಗ ಅದನ್ನು ಬೆಳಕಿಗೆ ಹಿಡಿದು ನೋಡಿ, “ಸ್ವಲ್ಪ ಡಾರ್ಕ್ ಮಾಡಿ ತೆಗೆಯಲೇ ಅಂಕಲ್?” ಎಂದು ಕೇಳಿದ.

“ಮಾಡಪ್ಪ” ಎಂದೆ. “ಮೂರು ಪ್ರತಿ ಕೊಡು.”