ಕಾರಾಪುರದ ಹುಡುಗನ ಡ್ರಮ್ಮು

ಹೋದ ಭಾನುವಾರ ಊಟ ಮುಗಿಸಿ ಅಪ್ಪನ ಪಕ್ಕ ಕೂತು ಲ್ಯಾಪ್‌ಟಾಪಿನಲ್ಲಿ ‘ದಿ ಡ್ರಮ್’ ಹಾಕಿದೆ. 1938ರ ಬ್ರಿಟಿಷ್ ಸಿನಿಮಾ. ಅಲೆಕ್ಸಾಂಡರ್ ಕೊರ್ಡಾ ನಿರ್ಮಾಣ, ಅವರ ತಮ್ಮ ಜೋಲ್ಟಾನ್ ನಿರ್ದೇಶನ. ಮಾತೂ ಇದೆ, ಟೆಕ್ನಿಕಲರ್ ಬಣ್ಣವೂ ಇದೆ. ಅಪ್ಪ ಟೂರಿಂಗ್ ಟಾಕೀಸಿನಲ್ಲಿ 20 ವರ್ಷ ಪ್ರೊಜೆಕ್ಟರ್ ಓಡಿಸಿದವರು. ಇದನ್ನು ನೋಡಲೇಬೇಕು ಅಂತ ಹಟ ಹಿಡಿದವರೂ ಅವರೇ. ಯಾಕೆಂದರೆ ಇದರಲ್ಲಿ ಸಾಬು ಇದ್ದಾನೆ, ಮೈಸೂರು ಸೀಮೆಯ ನಮ್ಮ ಕಾರಾಪುರದ ಮಾವುತನ ಮಗ.

ಹುಡುಗ ಕಾಣಿಸಿದ್ದೇ ತಡ, ಅಪ್ಪ ಮುಂದಕ್ಕೆ ಬಾಗಿದರು. “ನೋಡು ಪುಟ್ಟಿ, ನಮ್ಮ ಕಡೆ ಮುಖ!” ಅವನ ಮೊದಲ ಸಿನಿಮಾ ‘ಎಲಿಫೆಂಟ್ ಬಾಯ್’ ಕಪ್ಪು-ಬಿಳುಪು. ಅದರಲ್ಲಿ ಸಿಗದ ಆ ಎಣ್ಣೆಗೆಂಪು ಮೈಬಣ್ಣ ಇಲ್ಲಿ ಹಾಗೇ ಹೊಳೆಯುತ್ತಿತ್ತು.

ಆದರೆ ಆ ಟೆಕ್ನಿಕಲರ್ ಕ್ಯಾಮೆರಾದೊಳಗೆ ಓಡಿದ ಮೂರು ನೆಗೆಟಿವ್‌ಗಳೂ ಕಪ್ಪು-ಬಿಳುಪಿನವೇ. ಪ್ರಿಸಮ್ಮು ಬೆಳಕನ್ನು ಸೀಳಿ ಅವಕ್ಕೆ ಹಂಚುತ್ತಿತ್ತು. ಆಮೇಲೆ ಲ್ಯಾಬಿನಲ್ಲಿ, ಸೀರೆಗೆ ಅಚ್ಚು ಒತ್ತಿದ ಹಾಗೆ, ಒಂದರ ಮೇಲೊಂದು ಬಣ್ಣ ಒತ್ತುತ್ತಿದ್ದರು. ನಾನು ಇದನ್ನು ಹೇಳಿದಾಗ ಅಪ್ಪ ಎದ್ದು ಹೋಗಿ ಬೀರುವಿನಿಂದ ಬಿಸ್ಕತ್ತಿನ ಡಬ್ಬಿ ತಂದರು. ಅದರಲ್ಲಿ ಗೇಣುದ್ದದ ಫಿಲ್ಮ್ ತುಂಡು. ಕಿಟಕಿಗೆ ಹಿಡಿದು, ಅಂಚಿನ ಅಂಕುಡೊಂಕು ಬಿಳಿ ಗೆರೆಯ ಮೇಲೆ ಉಗುರಾಡಿಸಿದರು. “ಇದೇ ಸದ್ದು. ಚಿತ್ರಕ್ಕಿಂತ 20 ಫ್ರೇಮ್ ಮುಂದಿರುತ್ತೆ. ಪ್ರೊಜೆಕ್ಟರಿನಲ್ಲಿ ಫಿಲ್ಮಿಗೆ ಬಿಡೋ ಸಡಿಲು ಸುತ್ತು, ಆ ಲೂಪ್, ಹೆಚ್ಚುಕಮ್ಮಿ ಆಯ್ತೋ, ತುಟಿಗೂ ಮಾತಿಗೂ ತಾಳ ತಪ್ಪಿತು ಅಂತಲೇ.”

ಕಥೆ ಮುಂದೆ ಹೋದ ಹಾಗೆ ಅಪ್ಪನ ಮಾತು ಕಮ್ಮಿಯಾಯಿತು. ಸಾಬು ವಾಯವ್ಯ ಗಡಿನಾಡಿನ ರಾಜಕುಮಾರ ಅಜೀಂ. ತೆರೆಯ ಮೇಲಿನ ಬೆಟ್ಟಗಳಲ್ಲಿ ಎಷ್ಟೋ ಬ್ರಿಟನ್ನಿನ ವೇಲ್ಸಿನವು, ಅದಿರಲಿ. ಬ್ರಿಟಿಷರ ವಿರುದ್ಧ ನಿಂತ ಚಿಕ್ಕಪ್ಪನೇ ಖಳ. ಔತಣಕ್ಕೆ ಕರೆದು ಬ್ರಿಟಿಷರನ್ನು ಕೊಲ್ಲುವ ಸಂಚು ಅವನದು. ಆಗ ಹುಡುಗ, ಅವರ ಪಡೆಯ ಡ್ರಮ್ಮರ್ ಹುಡುಗನಿಂದಲೇ ಕಲಿತ ಬಡಿತ ಬಾರಿಸಿ ಬ್ರಿಟಿಷರನ್ನು ಎಚ್ಚರಿಸುತ್ತಾನೆ. ಕೈಗೂ ಸದ್ದಿಗೂ ಒಂದಿಷ್ಟೂ ತಾಳ ತಪ್ಪಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬೊಂಬಾಯಿಯ ಜನ ಆ ವರ್ಷವೇ ಈ ಚಿತ್ರದ ವಿರುದ್ಧ ಬೀದಿಗಿಳಿದಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ತಂದೆಯನ್ನು ಕಳೆದುಕೊಂಡ ಆ ಹುಡುಗ ಸಾಬುವಿಗೆ ಕಥೆ ಆರಿಸುವ ಹಕ್ಕು ಎಲ್ಲಿತ್ತು?

ಮುಗಿದ ಮೇಲೆ ಅಪ್ಪ ಫಿಲ್ಮ್ ತುಂಡನ್ನು ಸುತ್ತಿ ಡಬ್ಬಿಗೆ ಹಾಕಿದರು.

“ಸೌಂಡ್ ತೆಗೆದುಬಿಡು ಪುಟ್ಟಿ. ಹುಡುಗನ ಮುಖ ಇನ್ನೊಂದು ಸಲ ನೋಡೋಣ.”