ಬಿಳಿ ತಂತಿಗೆ ಕಪ್ಪು ಟೇಪು

ಕಳೆದ ಶನಿವಾರ ಮುಂಬಾಗಿಲ ದೀಪದ ಸ್ವಿಚ್ ಬದಲಿಸಲು ಹೋಗಿ ಪಕ್ಕದ ಮನೆಯ ಹಿರಿಯರಿಂದ ಬೈಸಿಕೊಂಡೆ. ಬೈಗುಳ ಅಂದರೆ ಅಂಥಾ ಬೈಗುಳವೂ ಅಲ್ಲ. ಒಂದೇ ಮಾತು. ಅದು ವಾರವಿಡೀ ತಲೆಯಲ್ಲಿ ಕೂತಿದೆ.

ನವೆಂಬರ್ ಬಂತೆಂದರೆ ಒಹಾಯೋದಲ್ಲಿ ಐದೂವರೆಗೇ ಕತ್ತಲು. ಹೊತ್ತು ಮುಳುಗಿದಾಗ ತಾನಾಗಿ ದೀಪ ಹಚ್ಚುವ ಸ್ಮಾರ್ಟ್ ಸ್ವಿಚ್ ತಂದಿದ್ದೆ. ಬೇಸ್‌ಮೆಂಟಿಗೆ ಇಳಿದು ಬ್ರೇಕರ್ ಆಫ್ ಮಾಡಿ, ಹಳೆಯ ಸ್ವಿಚ್ ಬಿಚ್ಚಿದರೆ ಒಳಗೆ ಒಂದು ಕಪ್ಪು ತಂತಿ, ಒಂದು ಬಿಳಿ, ಒಂದು ಬರೀ ತಾಮ್ರದ್ದು. ಕೆಂಪು ಫೇಸು ಅಂದರೆ ಕರೆಂಟು ಬರುವ ತಂತಿ, ಕಪ್ಪು ನ್ಯೂಟ್ರಲ್ಲು ಅಂದರೆ ಅದು ಮರಳುವ ತಂತಿ, ಹಸಿರು ಅರ್ಥು ಎಂದು ಊರಲ್ಲಿ ಕಲಿತವನು ನಾನು. ಇಲ್ಲಿ ಕಪ್ಪೇ ಫೇಸು, ಬಿಳಿ ನ್ಯೂಟ್ರಲ್. ಊರಿನ ಬುದ್ಧಿಯನ್ನು ತಲೆಕೆಳಗು ಮಾಡಿಕೊಂಡರಾಯಿತು ಅಂದುಕೊಂಡೆ. ಸ್ವಿಚ್ಚೇ ಇಲ್ಲಿ ತಲೆಕೆಳಗಲ್ಲವೇ? ಮೇಲೆತ್ತಿದರೆ ದೀಪ, ಕೆಳಗೊತ್ತಿದರೆ ಕತ್ತಲು.

ಬಿಳಿಯನ್ನು ಹೊಸ ಸ್ವಿಚ್ಚಿನ ನ್ಯೂಟ್ರಲ್ಲಿಗೆ ಸೇರಿಸಬೇಕು ಅನ್ನುವಷ್ಟರಲ್ಲಿ, ಎಲೆ ಗುಡಿಸುತ್ತಿದ್ದ ಅವರು ಬಾಗಿಲಿಗೆ ಬಂದರು. ನಲವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಸರ್ ಅಂದರೆ ಅವರಿಗೆ ಸಿಟ್ಟು, ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಹಾಗಾಗಿ ಏಳು ವರ್ಷದಿಂದ ಏನೂ ಕರೆಯದೆಯೇ ಮಾತಾಡಿಸುತ್ತಿದ್ದೇನೆ.

“ಮನೆ ಯಾವ ಇಸವಿಯದು?”

“1984.”

“ಹಾಗಿದ್ರೆ ಅದು ನ್ಯೂಟ್ರಲ್ ಅಲ್ಲ.”

ತಂತಿಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟು, ಬ್ರೇಕರ್ ಹಾಕಿ ಬಾ ಅಂದರು. ಟೆಸ್ಟರ್ ಹಿಡಿದರು. ಕಪ್ಪು ಸುಮ್ಮನಿತ್ತು. ಬಿಳಿ ಕೀ ಕೀ ಅಂತ ಕೂಗಿತು!

ಆಗಿನವರು ಎಷ್ಟೋ ಮನೆಗಳಲ್ಲಿ ಕರೆಂಟನ್ನು ಮೊದಲು ದೀಪದ ಹತ್ತಿರ ಒಯ್ದು, ಅಲ್ಲಿಂದ ಒಂದೇ ಕೇಬಲ್ ಸ್ವಿಚ್ಚಿಗೆ ಇಳಿಸುತ್ತಿದ್ದರಂತೆ. ಆ ಕೇಬಲಿನೊಳಗೆ ಇರುವುದೇ ಕಪ್ಪು, ಬಿಳಿ. ಬಿಳಿಯಲ್ಲಿ ಕರೆಂಟು ಇಳಿಯುತ್ತದೆ, ಸ್ವಿಚ್ ದಾಟಿ ಕಪ್ಪಿನಲ್ಲಿ ದೀಪಕ್ಕೆ ಹತ್ತುತ್ತದೆ. ನ್ಯೂಟ್ರಲ್ ಮೇಲೆ ದೀಪದ ಬಳಿಯೇ ಉಳಿಯುತ್ತದೆ. ಸ್ವಿಚ್ಚಿನ ಪೆಟ್ಟಿಗೆಗೂ ನ್ಯೂಟ್ರಲ್ ತರಬೇಕು ಎಂಬ ನಿಯಮ ಇಲ್ಲಿನ ಕೋಡಿಗೆ, ಅಂದರೆ ವೈರಿಂಗ್ ನಿಯಮಗಳ ಪುಸ್ತಕಕ್ಕೆ, ಸೇರಿದ್ದು 2011ರಲ್ಲಿ. ಹಳೆಯ ಮನೆಗಳ ಗೋಡೆ ಒಡೆಯಿರಿ ಎಂದು ಅದು ಹೇಳುವುದಿಲ್ಲ. 1897ರಿಂದ ಬಂದಿರುವ ಪುಸ್ತಕವದು, ಈಗ ಮೂರು ವರ್ಷಕ್ಕೊಮ್ಮೆ ತಿದ್ದುತ್ತಾರೆ. ನಿವೃತ್ತರಾದ ಮೇಲೂ ಈ ಮನುಷ್ಯ ಅದನ್ನು ಪಂಚಾಂಗದ ಹಾಗೆ ಓದುತ್ತಾರೆ.

ನ್ಯೂಟ್ರಲ್ ಇಲ್ಲದೆ ನಡೆಯದ ಹೊಸ ಸ್ವಿಚ್ ಡಬ್ಬಿಗೆ ವಾಪಸ್ ಹೋಯಿತು. ಬ್ರೇಕರ್ ಇಳಿಸಿ ಬಂದು ಹಳೆಯದನ್ನೇ ಕೂರಿಸಿ ಮುಚ್ಚಲು ಹೊರಟೆ. ಅವರು ಕೈ ತಡೆದರು. ಜೇಬಿನಿಂದ ಕಪ್ಪು ಟೇಪು ತೆಗೆದು ಬಿಳಿ ತಂತಿಯ ತುದಿಗೆ ಎರಡು ಸುತ್ತು ಸುತ್ತಿದರು. ಬಣ್ಣ ಬಿಳಿಯಾದರೂ ಇದರಲ್ಲಿ ಕರೆಂಟಿದೆ ಎಂಬ ಗುರುತು.

“ಹೇಗೂ ಮುಚ್ಚಿಬಿಡ್ತೀವಿ, ಯಾರು ನೋಡ್ತಾರೆ?” ಅಂದೆ.

“ನಿನ್ನ ಆಮೇಲೆ ಬಿಚ್ಚೋನು ನೋಡ್ತಾನೆ. ಅವನೂ ನಿನ್ನಷ್ಟೇ ದಡ್ಡನಾಗಿದ್ರೆ?”

ಆ ರಾತ್ರಿ ನೆನಪಾದದ್ದು ಚಿಕ್ಕಪ್ಪ.

ಸಾಗರದ ನಮ್ಮ ಮನೆಗೆ ಆಗ ಮರದ ರೀಪರಿನ ಮೇಲೆ ಹೊಡೆದ ವೈರಿಂಗು, ಮರದ ಬೋರ್ಡು, ಗುಂಡನೆಯ ಕರಿ ಸ್ವಿಚ್ಚುಗಳು. ಒಂದು ಸಂಜೆ ಬಚ್ಚಲುಮನೆಯ ಬಲ್ಬು ಹೋಯಿತು. ಚಿಕ್ಕಪ್ಪ ಸ್ಟೂಲು ಹತ್ತಿ ಹೋಲ್ಡರಿಗೆ ಕೈ ಹಾಕಿದ್ದೇ ತಡ, ಹಂಡೆಯ ಮೇಲೆ ಬಿದ್ದಿದ್ದ. ಮೊಣಕೈ ಬಿರುಕು ಬಿಟ್ಟಿತು. “ಸ್ವಿಚ್ ಆಫ್ ಮಾಡಿದ್ಯೇನೋ?” ಎಂದು ಎಲ್ಲರೂ ಕೇಳಿದ್ದೇ ಕೇಳಿದ್ದು. ಮಾಡಿದ್ದೆ ಅಂದ. ಅಜ್ಜಿಯ ಮೇಲೆ ಆಣೆ ಹಾಕಿದ. ಯಾರೂ ನಂಬಲಿಲ್ಲ. ಮುಂದೆ ಮನೆಯಲ್ಲಿ ಯಾರು ಏನು ಮರೆತರೂ “ಚಿಕ್ಕಪ್ಪ ಸ್ವಿಚ್ ಆರಿಸಿದ ಹಾಗೆ” ಎಂಬುದೊಂದು ಗಾದೆಯಾಗಿ ಹೋಯಿತು.

ಡಿಪ್ಲೊಮಾ ಓದುವಾಗ ರಜೆಗೆ ಬಂದವನು ಟೆಸ್ಟರಿನ ಹುಮ್ಮಸ್ಸಿನಲ್ಲಿ ಮನೆಯೆಲ್ಲ ಮುಟ್ಟುತ್ತ ಬಂದೆ. ಬಚ್ಚಲುಮನೆಯ ಸ್ವಿಚ್ ಆಫ್ ಇತ್ತು, ಹೋಲ್ಡರಿನಲ್ಲಿ ಟೆಸ್ಟರ್ ಕೆಂಪಗೆ ಉರಿಯಿತು. ವೈರ್‌ಮನ್ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಹಾಕಿದ್ದ. ದೀಪ ಆರುತ್ತದೆ, ಕರೆಂಟು ಹೋಲ್ಡರಿನಲ್ಲೇ ಕೂತಿರುತ್ತದೆ. ಕರೆಸಿ ಕೇಳಿದರೆ ಅವನು ನಕ್ಕ: “ಲೈಟು ಉರೀತದಲ್ಲ ಮೇಷ್ಟ್ರೇ, ಇನ್ನೇನು?” ಅಪ್ಪನೂ ನಕ್ಕರು. ಚಿಕ್ಕಪ್ಪ ಮಾತ್ರ ನಗಲಿಲ್ಲ, ಎದ್ದು ತೋಟಕ್ಕೆ ಹೋದ.

ನಮ್ಮಲ್ಲಿ ನಿಯಮ ಇರಲಿಲ್ಲ ಅನ್ನುವ ಹಾಗಿಲ್ಲ. ನ್ಯೂಟ್ರಲ್ಲಿಗೆ ಒಂಟಿ ಸ್ವಿಚ್ ಹಾಕಬಾರದೆಂದು 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು. ನಮ್ಮ ಮನೆಯ ವೈರಿಂಗ್ ಸರಿಯಿದೆ ಎಂಬ ಕಾಗದಕ್ಕೂ ಗುತ್ತಿಗೆದಾರರೊಬ್ಬರ ಸಹಿ ಬಿದ್ದಿತ್ತು. ಆ ಪುಣ್ಯಾತ್ಮನ ಮುಖವನ್ನು ನಾವ್ಯಾರೂ ಕಂಡಿರಲಿಲ್ಲ. ಇಲ್ಲಿ ಹೊಸ ವೈರಿಂಗ್ ಮಾಡಿದರೆ ಇನ್‌ಸ್ಪೆಕ್ಟರ್ ನೋಡಿ ಹೋಗುವ ತನಕ ಗೋಡೆ ಮುಚ್ಚುವಂತಿಲ್ಲ.

ಹಾಗಂತ ಇಲ್ಲಿನದೆಲ್ಲ ಘನಂದಾರಿ ಅಲ್ಲ. ಬಂದ ಹೊಸತರಲ್ಲಿ ಬಾಡಿಗೆ ಮನೆಯ ಹಾಲಿನಲ್ಲಿ ಒಂದು ಸ್ವಿಚ್ ಇತ್ತು, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮೂರು ತಿಂಗಳ ಮೇಲೆ ಗೊತ್ತಾಯಿತು, ಅದು ಸೋಫಾದ ಹಿಂದಿನ ಪ್ಲಗ್ ಪಾಯಿಂಟಿನ ಅರ್ಧ ಭಾಗಕ್ಕಂತೆ! ಹಾಲಿನ ಚಾವಣಿಯಲ್ಲಿ ದೀಪ ಇಲ್ಲದಿದ್ದರೂ ಕೋಡು ಇಷ್ಟಕ್ಕೇ ಒಪ್ಪುತ್ತದೆ. ಉಳಿದ ಪ್ಲಗ್ಗುಗಳಿಗೆ ಸ್ವಿಚ್ಚೇ ಇಲ್ಲ. ಪ್ರತಿ ಪಾಯಿಂಟಿನ ಪಕ್ಕ ಒಂದೊಂದು ಸ್ವಿಚ್ ಇರುವ ನಮ್ಮೂರ ಬೋರ್ಡುಗಳ ಮುಂದೆ ಇದು ಎಲ್ಲಿಗೂ ಸಾಲದು. ಊರಿಗೆ ಹೋದಾಗೆಲ್ಲ ನನ್ನ ಮಗಳಿಗೆ ಆ ಬೋರ್ಡುಗಳೇ ಹಾರ್ಮೋನಿಯಂ.

ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ.

“ಬಚ್ಚಲುಮನೆ ಸ್ವಿಚ್ ಸರಿ ಮಾಡಿಸಿದ್ಯಾ ಅಪ್ಪ?”

“ಅದಕ್ಕೇನಾಗಿದೆ ಮಾರಾಯ? ಬಲ್ಬ್ ಹಾಕುವಾಗ ಮೇನ್ ತೆಗೀತೀವಲ್ಲ.”

ಹೌದು, ಮೂವತ್ತು ವರ್ಷದಿಂದ ನಮ್ಮನೆಯ ಪದ್ಧತಿ ಅದು. ಎಲ್ಲರಿಗೂ ಗೊತ್ತು. ಆದರೆ ಆ ಭಾಗವನ್ನು ಈಗ ಬ್ಯಾಂಕಿನ ಹುಡುಗನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದಾರೆ.

“ಅವನಿಗೆ ಹೇಳಿದ್ಯಾ?”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫೋನಿನಲ್ಲಿ ಜೀರುಂಡೆಯ ಸದ್ದು ಕೇಳುತ್ತಿತ್ತು.

“ಈಗ ಕರೆಂಟಿಲ್ಲ” ಅಂದರು, “ಬಂದಕೂಡ್ಲೆ ಹೋಗಿ ಹೇಳ್ತೀನಿ.”